ಹೂಂ, ಬಿಡಿ

ನಮ್ಮ ಯಜಮಾನರ ನಿಜವಾದ ಹೆಸರು ಎಷ್ಟು ಜನಕ್ಕೆ ಗೊತ್ತೋ ಇಲ್ಲವೋ, ‘ಕಿವಿ ಮೇಸ್ತ್ರಿ’ ಎಂದರೆ ಸಾಕು, ಗಾಡಿ ಇಟ್ಟುಕೊಂಡವರೆಲ್ಲ ನಮ್ಮ ಶೆಡ್ಡಿನ ದಾರಿ ತೋರಿಸುತ್ತಾರೆ. ಬಾನೆಟ್ ಎತ್ತುವ ಮೊದಲೇ, ಬರೀ ಸದ್ದು ಕೇಳಿ ಕಾಯಿಲೆ ಹೇಳುವ ಮನುಷ್ಯ. ರಿಪೇರಿ ಯಾರೇ ಮಾಡಲಿ, ಕೊನೆಗೆ ಇವರು ಕಣ್ಣು ಮುಚ್ಚಿ ಆಲಿಸಿ “ಹೂಂ, ಬಿಡಿ” ಅನ್ನಬೇಕು. ಆಮೇಲೆಯೇ ಗಾಡಿ ಗೇಟು ದಾಟುವುದು. ನಮ್ಮ ಶೆಡ್ಡು ನಿಂತಿರುವುದೇ ಆ ಮಾತಿನ ಮೇಲೆ.

ಇತ್ತೀಚೆಗೆ ಮನೆಯಲ್ಲಿ ನಾನು ಏನು ಹೇಳಿದರೂ “ಬಾಯೊಳಗೇ ಗೊಣಗಬೇಡ, ಬಿಡಿಸಿ ಮಾತಾಡು” ಎಂದು ನನ್ನ ಮೇಲೆಯೇ ರೇಗುತ್ತಿದ್ದರು. ಇವರ ಟೀವಿ ಸದ್ದಿಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಗೊಣಗುವುದು ನನ್ನ ಹುಟ್ಟುಗುಣವೇ ಇರಲಿ, ಬಾಗಿಲ ಗಂಟೆಯೂ ಗೊಣಗುತ್ತದೆಯೇ? ಕಿವಿ ತೋರಿಸಿಕೊಳ್ಳಿ ಎಂದರೆ ಮೂಗಿನ ತುದಿಯಲ್ಲೇ ಕೋಪ. ನಾನೂ ಸುಮ್ಮನಾದೆ.

ಹೀಗಿರುವಾಗ ನರ್ಸಮ್ಮ ಮತ್ತೆ ಬಂದರು. ಗುಡ್ಡದ ಮೇಲಿನ ಆಸ್ಪತ್ರೆಗೆ ದಿನಾ ಹತ್ತಿ ಇಳಿಯುವವರು. ನಾಲ್ಕೂ ಚಕ್ರ ಎಳೆಯುವ ಗಾಡಿ ಅವರದು. ತಿರುವಿನಲ್ಲಿ ಹಿಂದಿನಿಂದ ಏನೋ ನರಳುತ್ತದೆ ಎಂದು ಮೊದಲೂ ಬಂದು ಹೇಳಿದ್ದರು. ಏನೂ ಇಲ್ಲವೆಂದು ಇವರು ಕಳಿಸಿದ್ದರು. ಈ ಸಲ ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿಗಳೆದುರೇ ನಕ್ಕುಬಿಟ್ಟರು.

“ಸದ್ದು ಗಾಡೀಲಿಲ್ಲ ಸಿಸ್ಟರ್, ನಿಮ್ಮ ಕಿವೀಲಿದೆ. ಡಾಕ್ಟರಿಗೆ ತೋರಿಸ್ಕೊಳ್ಳಿ, ನಿಮ್ಮಾಸ್ಪತ್ರೇಲೇ ಇರ್ತಾರಲ್ಲ!”

ಬೆಂಚು ಗೊಳ್ಳೆಂದಿತು. ಆಕೆಯ ಮುಖ ಕೆಂಪೇರಿತು. ನನಗೋ, ನಿಂತ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

“ಇನ್ನೊಂದ್ಸಲ ನೋಡಿ, ಅಷ್ಟೇ ನಾನು ಕೇಳೋದು,” ಎಂದು ಆಕೆ ಗಟ್ಟಿಯಾಗಿಯೇ ಹೇಳಿದರು.

“ಅದಕ್ಕೇನಂತೆ! ಎಲ್ಲರೆದುರಿಗೇ ಆಗ್ಲಿ.”

ನಮ್ಮ ಮಗಳು ಸ್ಟೇರಿಂಗ್ ಹಿಡಿದಳು. ಹಿಂದಿನ ಎರಡು ಚಕ್ರಗಳ ನಡುವೆ ಕೂತಿರುವ ಡಿಫರೆನ್ಷಿಯಲ್ಲಿನ ಕ್ಲಚ್ ಪರೀಕ್ಷೆ ದೊಡ್ಡ ವಿದ್ಯೆಯೇನಲ್ಲ. ಸ್ಟೇರಿಂಗನ್ನು ಪೂರ್ತಿ ಒಂದೇ ಕಡೆಗೆ ತಿರುಗಿಸಿ, ಅಂಗಳದಲ್ಲಿ ನಿಧಾನವಾಗಿ ಸುತ್ತು ಹೊಡೆಯಬೇಕು. ತಿರುವಿನಲ್ಲಿ ಕ್ಲಚ್ಚು ತುಸು ಜಾರಿ ಚಕ್ರಗಳಿಗೆ ಸಡಿಲ ಕೊಡಬೇಕು; ಎಣ್ಣೆ ಕೆಟ್ಟಿದ್ದರೆ ಕ್ಲಚ್ಚಿನ ಪ್ಲೇಟುಗಳು ಕಚ್ಚಿಕೊಂಡು ನರಳುತ್ತವೆ. ಇವರು ಅಂಗಳದ ನಡುವೆ ಕಣ್ಣು ಮುಚ್ಚಿ ನಿಂತರು.

ಗಾಡಿ ತಿರುಗಿತು. ಹಿಂದಿನಿಂದ ಹೊರಟ ಗೊರಗೊರ ಸದ್ದಿಗೆ ಬೆಂಚಿನವರೆಲ್ಲ ಕತ್ತು ಹೊರಳಿಸಿದರು. ಒಬ್ಬರಂತೂ ಎದ್ದೇ ನಿಂತರು.

“ಹೂಂ, ಬಿಡಿ. ಬೆಣ್ಣೆ ಥರ ಓಡ್ತಿದೆ,” ಎಂದು ಇವರು ಕಣ್ಣು ಬಿಟ್ಟರು.

ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

“ಯಾಕೆ, ಎಲ್ರೂ ಹಿಂದಿನ ಚಕ್ರಾನೇ ನೋಡ್ತಿದ್ದೀರಾ?”

ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅಪ್ಪಾ, ಕೇಳಿಸ್ಲಿಲ್ವಾ?” ಎಂದಳು. ಅವಳು ಏನಂದಳೆಂದು ಇವರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ನನಗೂ ನಾಚಿಕೆಯಾಯಿತು.

ಇನ್ನೊಂದು ಸುತ್ತು ಹೊಡೆಯಲು ಕೈಸನ್ನೆ ಮಾಡಿ, ಗಾಡಿಯ ಹಿಂಬದಿಗೆ ಅಂಗೈ ಒತ್ತಿಕೊಂಡು ಇವರೂ ಜೊತೆಯಲ್ಲೇ ನಡೆದರು. ಕೈಗೆ ಗಾಡಿಯ ನಡುಕ ತಿಳಿಯಿತು. ಕಿವಿಗೆ ತಿಳಿಯಲಿಲ್ಲ. ಅವರ ಮುಖ ಸಣ್ಣಗಾಯಿತು.

ಯಾರ ಕೈಗೂ ಕೊಡದೆ ತಾವೇ ಗಾಡಿಯಡಿಗೆ ಹೋಗಿ ಹಳೆಯ ಎಣ್ಣೆ ಇಳಿಸಿದರು. ಕಪ್ಪಗೆ, ಸುಟ್ಟ ವಾಸನೆ. ಹೊಸದು ತುಂಬಿದ ಮೇಲೂ ಎಷ್ಟೋ ಹೊತ್ತು ಈಚೆಗೆ ಬರಲೇ ಇಲ್ಲ. ಅಡಿಯಲ್ಲಿ ಕೆಲಸವೇನೂ ಉಳಿದಿರಲಿಲ್ಲ.

ಎಣ್ಣೆ ಪ್ಲೇಟುಗಳಿಗೆ ಹಿಡಿಯಲೆಂದು ಮಗಳು ಅಂಗಳದಲ್ಲಿ ಎಡಕ್ಕೂ ಬಲಕ್ಕೂ ಸುತ್ತು ಹೊಡೆದಳು. ಬೆಂಚಿನವರೆಲ್ಲ ಇವರ ಬಾಯಿ ನೋಡುತ್ತ ಕೂತರು. ಇವರು ನೇರವಾಗಿ ನರ್ಸಮ್ಮನ ಹತ್ತಿರ ಹೋದರು.

“ಸಿಸ್ಟರ್, ನೀವೇ ಕೇಳಿ ಹೇಳಿ. ಸದ್ದು ನಿಂತಿದೆಯಾ?”

ಆಕೆ ಸುತ್ತು ಮುಗಿಯುವವರೆಗೂ ಆಲಿಸಿ, ಮೆಲ್ಲಗೆ ಏನೋ ಹೇಳಿದರು. ಇವರು ಎಲ್ಲರೆದುರಿಗೇ ಅಂಗೈಯನ್ನು ಕಿವಿಗೆ ಆನಿಸಿಕೊಂಡು ಬಾಗಿದರು.

“ಸ್ವಲ್ಪ ಜೋರಾಗಿ ಹೇಳಿ ಸಿಸ್ಟರ್. ನಂಗೆ ಕಿವಿ ಕೇಳಿಸಲ್ಲ.”

ಆಕೆ ಅವರ ಕಿವಿಯ ಹತ್ತಿರವೇ ಬಂದರು.

“ನಿಂತಿದೆ ಮೇಸ್ತ್ರಿ. ಬಿಡಿ.”

ಮಗಳು ಇಳಿದು ಹೋಗಿ ಗೇಟು ತೆಗೆದಳು.