ಲೈಸೆನ್ಸಿಗಾಗಿ ನಾಲ್ಕು ಸಲ

ಕಾರು ಓಡಿಸುವ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾದಾಗ ಕಾರು ನಿಂತ ಜಾಗದಿಂದ ಒಂದು ಮಾರು ಕೂಡ ಮುಂದೆ ಹೋಗಿರಲಿಲ್ಲ. ನನಗಾಗ ನಲವತ್ತಾರು ವರ್ಷ. ಮನೆ ಇಂಡಿಯಲ್ಲಿ, ಹೊರ್ತಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನೌಕರಿ. ಇಪ್ಪತ್ತು ವರ್ಷಕ್ಕೂ ಮೇಲೆ ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಕೆಂಪು ಗೆರೆ ಎಳೆದವಳು, ನಾನೇ ಫೇಲಾದದ್ದು ಅದೇ ಮೊದಲು.

ಕಾರು ಕಲಿಯಬೇಕೆಂಬ ಹುಕಿ ನನಗೆ ಎಂದೂ ಇರಲಿಲ್ಲ. ಓಡಿಸುವವರು ಮನೆಯಲ್ಲೇ ಇದ್ದರು. ನನ್ನ ಗಂಡನದು ಪಂಪ್‌ಸೆಟ್ಟಿನ ಅಂಗಡಿ. ಯಾರದೋ ತೋಟದಲ್ಲಿ ಮೋಟಾರು ಸುಟ್ಟಿದೆ ಎಂದು ಫೋನ್ ಬಂದರೆ ಸಾಮಾನು ಹಿಂದೆ ಹಾಕಿಕೊಂಡು ಹೊರಟೇಬಿಡುವ ಮನುಷ್ಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕಿನ ಹೊಲದ ದಾರಿಗಳು ಅವರಿಗೆ ಬಾಯಿಪಾಠ. ಮೂವತ್ತು ವರ್ಷದಲ್ಲಿ ಒಂದು ಕೋಳಿಗೂ ಗಾಲಿ ತಾಕಿಸಿದವರಲ್ಲ ಎಂದು ನಾನೇ ಜನರ ಮುಂದೆ ಹೇಳಿಕೊಳ್ಳುತ್ತಿದ್ದೆ.

ಸಕ್ಕರೆ ಕಾಯಿಲೆ ಮೆಲ್ಲಗೆ ಅವರ ಕಣ್ಣಿಗೆ ಇಳಿಯಿತು. ವಿಜಯಪುರದ ಡಾಕ್ಟರು ಎರಡು ಸಲ ಕಣ್ಣಿಗೆ ಇಂಜೆಕ್ಷನ್ ಕೊಟ್ಟರು. ಮೂರನೆಯ ಸಲ ಹೋದಾಗ ಫೈಲು ಮುಚ್ಚಿ, "ಇನ್ನ ಗಾಡಿ ಹೊಡ್ಯೂದು ಬಿಡ್ರಿ" ಅಂದರು. ಅಂಗಡಿಯ ಲೆಕ್ಕಪತ್ರವನ್ನು ನನ್ನ ಗಂಡ ಬೇಸರವಿಲ್ಲದೆ ತಮ್ಮನಿಗೆ ವಹಿಸಿದರು. ಕಾರಿನ ವಿಷಯಕ್ಕೆ ಮಾತ್ರ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ನಾಲ್ಕು ತಿಂಗಳು ಕಾರು ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತಿತು. ದಿನಾ ಮುಂಜಾನೆ ಅವರು ಅದನ್ನು ಒರೆಸಿ, ಒಳಗೆ ಕುಳಿತು, ಬ್ಯಾಟರಿ ಇಳಿಯಬಾರದೆಂದು ಐದು ನಿಮಿಷ ಇಂಜಿನ್ ಚಾಲೂ ಮಾಡಿ ಆರಿಸುತ್ತಿದ್ದರು. ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದವಳು ಹೊರಗೆ ಬಂದು ಹೇಳಿದೆ.

"ನಾ ಕಲೀತೇನ್ರಿ."

"ಏನು?"

"ಕಾರು."

ಅವರು ಒರೆಸುವ ಅರಿವೆಯನ್ನು ಮಡಚಿದರು. "ಕ್ಲಾಸಿಗೆ ಹೋಗೂದು ಬ್ಯಾಡ. ನಾ ಕಲಸ್ತೇನಿ."

ಕಲಿಯುವವರ ಲೈಸೆನ್ಸು ಬಂದ ಮೇಲೆ ಸಿಂದಗಿ ರಸ್ತೆಯ ನಿಂಬೆ ತೋಟಗಳ ನಡುವೆ ನಮ್ಮ ಪಾಠ ಶುರುವಾಯಿತು. ಅವರು ರಸ್ತೆ ನೋಡುತ್ತಿರಲಿಲ್ಲ, ಇಂಜಿನ್ನನ್ನು ಕೇಳುತ್ತಿದ್ದರು. "ಗೇರ್ ಬದಲ ಮಾಡು, ಗಾಡಿ ಅಳಾಕತ್ತೈತಿ." "ಈಗ ಕ್ಲಚ್ ಮ್ಯಾಗ ಯಾಕ ಕಾಲಿಟ್ಟಿ?" ನನ್ನ ಕಾಲು ಎಲ್ಲಿದೆ ಎಂಬುದು ಅವರಿಗೆ ಕಿವಿಯಿಂದಲೇ ಗೊತ್ತಾಗುತ್ತಿತ್ತು. ಆರನೆಯ ದಿನ ಇದೇ ಮಾತು ಹನ್ನೊಂದು ಸಲವೋ ಹನ್ನೆರಡು ಸಲವೋ ಆದ ಮೇಲೆ ನಾನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಬಾಗಿಲು ತೆರೆದು, ಇಂಡಿಯ ಕಡೆಗೆ ನಡೆಯತೊಡಗಿದೆ.

ಸ್ವಲ್ಪ ದೂರ ಹೋದಾಗ ಬಸ್ಸೊಂದು ನಿಧಾನ ಮಾಡಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಬರ್ತೀರೇನ್ರಿ?" ಎಂದು ಕೇಳಿದ. ಹತ್ತಿಬಿಡೋಣ ಅನ್ನಿಸಿತು. ಹಿಂತಿರುಗಿ ನೋಡಿದೆ. ನನ್ನ ಗಂಡ ಎಡಗಡೆಯ ಸೀಟಿನಲ್ಲೇ ಇದ್ದರು, ಎರಡೂ ಕೈ ಮೊಣಕಾಲ ಮೇಲೆ. ನಾನು ಹೋದರೆ ಅವರು ಆ ಕಾರನ್ನು ಒಂದು ಗೇಣೂ ಕದಲಿಸುವ ಹಾಗಿರಲಿಲ್ಲ. ಕಂಡಕ್ಟರನಿಗೆ ಇಲ್ಲವೆಂದು ಕೈ ಮಾಡಿ ವಾಪಸು ನಡೆದೆ. ಮನೆಯವರೆಗೆ ನಾನೇ ಓಡಿಸಿದೆ. ಬೇವಿನ ಗಿಡದ ಕೆಳಗೆ ನಿಲ್ಲಿಸಿದಾಗ ಅವರು, "ನಾಳಿಂದ ಕ್ಲಾಸಿಗೆ ಹೋಗು" ಅಂದರು.

ಕ್ಲಾಸಿನ ಮಾಸ್ತರರು ರಿಟೈರಾದ ಬಸ್ ಡ್ರೈವರು. ಊರವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕು ಇತ್ತು. ಆ ಎರಡನೆಯ ಬ್ರೇಕು ಇದೆ ಎಂಬ ಧೈರ್ಯದಿಂದಲೇ ನಾನು ಕಲಿತೆ. "ಅಕ್ಕೋರ, ತುಂಬಿದ ಹಾಲಿನ ಗಡಿಗಿ ನೆಲಕ್ಕ ಇಳಸ್ತೀರಲ್ಲ, ಹಂಗ ಬಿಡ್ರಿ ಕ್ಲಚ್ ಅನ್ನ" ಎಂದು ಅವರು ಹೇಳಿದ ದಿನ ಕಾರು ಜಗ್ಗದೆ ಮುಂದೆ ಹೋಯಿತು.

ಪರೀಕ್ಷೆಗೆ ತಿಂಗಳಿಗೊಮ್ಮೆ ಇನ್ಸ್‌ಪೆಕ್ಟರು ಬರುತ್ತಿದ್ದರು. ಊರ ಹೊರಗಿನ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿ, ರಿವರ್ಸಿಗೆ ಬಿದಿರು ಗಳ ನೆಟ್ಟಿರುತ್ತಿದ್ದರು. ಇನ್ಸ್‌ಪೆಕ್ಟರು ಮೈಸೂರು ಕಡೆಯವರು, ದನಿ ಏರಿಸದ ಮನುಷ್ಯ. ಕಾಕಾರ ಕಾರಿನಲ್ಲೇ ಪರೀಕ್ಷೆ, ಪಕ್ಕದಲ್ಲಿ ಇನ್ಸ್‌ಪೆಕ್ಟರು. ನಾನು ಕುಳಿತೆ, ಬೆಲ್ಟು ಹಾಕಿದೆ, ಕನ್ನಡಿ ಸರಿ ಮಾಡಿಕೊಂಡೆ, ಗೇರು ಹಾಕಿದೆ. ಕಾರು ಗಕ್ಕನೆ ಆರಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ಆರಿತು. ಮೂರನೆಯ ಸಲವೂ ಆರಿದ ಮೇಲೆ ಅವರು ನಮ್ಮಿಬ್ಬರ ನಡುವೆ ತೋರಿಸಿದರು.

"ಮೇಡಂ, ಹ್ಯಾಂಡ್ ಬ್ರೇಕ್ ಎಳೆದೇ ಇದೆ."

"ಈಗ ಬಿಡ್ತೇನ್ರಿ."

"ಪರವಾಗಿಲ್ಲ. ಮುಂದಿನ ಸಲ ಬನ್ನಿ."

ಇಳಿದು ಬರುವಾಗ ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳಿದ್ದಳು. ಒಂಬತ್ತನೆಯ ತರಗತಿಯಲ್ಲಿ ಗಣಿತಕ್ಕೆ ಅಳುತ್ತಿದ್ದವಳು. ಈಗ ಎರಡು ಮಕ್ಕಳ ತಾಯಿ, ಸ್ಕೂಟಿಯ ಪರೀಕ್ಷೆಗೆ ಬಂದಿದ್ದಳು. ಎಂಟರ ಆಕಾರದ ಗೆರೆಯ ಮೇಲೆ ಕಾಲು ಊರದೆ ಸರಾಗ ತಿರುಗಿ ಬಂದು ಪಾಸಾದಳು. ಆಮೇಲೆ ನನ್ನ ಹತ್ತಿರ ಬಂದು, "ನೀವ ಹೇಳ್ತಿದ್ರಲ್ರಿ ಟೀಚರ್, ತಪ್ಪಾದ್ರ ಇನ್ನೊಮ್ಮಿ ಬಿಡಿಸು, ಅಷ್ಟ ಅಂತ" ಅಂದಳು. ಅವಳು ಸಮಾಧಾನಕ್ಕೇ ಹೇಳಿದ್ದು. ನನಗೆ ಅವಳ ಕೆನ್ನೆಗೊಂದು ಕೊಡಬೇಕು ಅನ್ನಿಸಿತು.

ಎರಡನೆಯ ತಿಂಗಳು ಹ್ಯಾಂಡ್ ಬ್ರೇಕನ್ನು ನಾಲ್ಕು ಸಲ ಮುಟ್ಟಿ ನೋಡಿಕೊಂಡೆ. ಮುಂದೆ ಹೋಗುವುದೆಲ್ಲ ಸರಿಯಾಯಿತು. ರಿವರ್ಸಿನಲ್ಲಿ ಹಿಂದಿನ ಗಳ ಕನ್ನಡಿಯಲ್ಲಿ ಕಾಣುತ್ತಲೇ ಇತ್ತು, ಕಾಣುತ್ತಲೇ ಇದ್ದುದು ಮೆಲ್ಲಗೆ ವಾಲಿ ಬಿದ್ದುಬಿಟ್ಟಿತು. ಮೂರನೆಯ ತಿಂಗಳು ಗಳಗಳನ್ನೂ ದಾಟಿ ರಸ್ತೆಗೆ ಬಂದೆ. ಕಬ್ಬು ಹೇರಿದ ಟ್ರ್ಯಾಕ್ಟರು ಎರಡು ಟ್ರೇಲರ್ ಎಳೆದುಕೊಂಡು, ಟೇಪಿನಲ್ಲಿ ಜೋರಾಗಿ ಹಾಡು ಹಚ್ಚಿಕೊಂಡು ಬಲಗಡೆಯಿಂದ ಬಂತು. ನಿಲ್ಲಬೇಕೋ ದಾಟಬೇಕೋ ಎಂದು ಯೋಚಿಸುತ್ತಿರುವಾಗಲೇ ಕಾರು ತಾನಾಗಿ ನಿಂತಿತು. ನೋಡಿದರೆ ಇನ್ಸ್‌ಪೆಕ್ಟರ ಕಾಲು ಎಡಗಡೆಯ ಬ್ರೇಕಿನ ಮೇಲಿತ್ತು. ಅವರು ಬ್ರೇಕು ಒತ್ತಿದರೆ ಮುಗಿಯಿತು ಎಂದು ಕಾಕಾ ಮೊದಲೇ ಹೇಳಿದ್ದರು.

"ಮೂರು ಸಲ ಆಯ್ತು ಮೇಡಂ. ಇನ್ನು ಎರಡು ತಿಂಗಳು ಬಿಟ್ಟು ಬರಬೇಕು" ಎಂದು ಅವರು ಕಾಗದದಲ್ಲಿ ಬರೆದುಕೊಂಡರು.

ಆ ಎರಡು ತಿಂಗಳು ನಾನು ಶಾಲೆಯಲ್ಲಿ ಸುಳ್ಳು ಹೇಳತೊಡಗಿದೆ. "ಏನಾತ್ರಿ ಟೀಚರ್ ಲೈಸೆನ್ಸಿಂದು?" ಎಂದು ಯಾರಾದರೂ ಕೇಳಿದರೆ, ಇನ್ಸ್‌ಪೆಕ್ಟರು ಬಂದಿಲ್ಲ ಅನ್ನುತ್ತಿದ್ದೆ. ಮನೆಯಲ್ಲಿ ಪಾತ್ರೆ ತೊಳೆಯುವಾಗ ಸಪ್ಪಳ ಹೆಚ್ಚಾಯಿತು. ಕಷ್ಟವೆಂದರೆ ನನಗೆ ಎಲ್ಲವೂ ಗೊತ್ತಿತ್ತು. ಕಾಕಾ ಪಕ್ಕದಲ್ಲಿದ್ದಾಗ ಎಲ್ಲವೂ ಬರುತ್ತಿತ್ತು. ಬೇರೆಯವನೊಬ್ಬ ಕಾಗದ ಹಿಡಿದು ಕುಳಿತ ಕೂಡಲೇ ಕೈಕಾಲು ನನ್ನವಲ್ಲದಂತಾಗುತ್ತಿದ್ದವು. ಯಾವ ತಪ್ಪು ಮಾಡಿದಾಗಲೂ ನನಗೆ ಕೇಳುತ್ತಿದ್ದದ್ದು ಗಂಡನ ದನಿ: ಗಾಡಿ ಅಳಾಕತ್ತೈತಿ.

ಅಷ್ಟರಲ್ಲಿ ಕಲಿಯುವವರ ಲೈಸೆನ್ಸಿನ ಆರು ತಿಂಗಳ ಅವಧಿ ಮುಗಿಯಿತು. ಹೊಸದು ಮಾಡಿಸಲು ಮತ್ತೆ ಡಾಕ್ಟರ ಸರ್ಟಿಫಿಕೇಟು ಬೇಕು. ಹಿಂದಿನ ಸಲ ಶಾಲೆಯಿಂದ ಹೋಗಿ ವಿಜಯಪುರದಲ್ಲಿ ಮಾಡಿಸಿದ್ದೆ. ಈ ಸಲ ಊರಿನಲ್ಲೇ ಇದ್ದ ಒಂದು ದವಾಖಾನೆಗೆ ಹೊರಟೆ. ಶುಗರ್ ತೋರಿಸಬೇಕೆಂದು ಗಂಡನೂ ಜೊತೆಗೆ ಬಂದರು.

ಡಾಕ್ಟರು ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಓದಲು ಹೇಳಿದರು. ನಾನು ಒಂದು ಕಣ್ಣು ಮುಚ್ಚಿ ಮೇಲಿನಿಂದ ಓದುತ್ತ ಬಂದೆ. ಕೊನೆಯ ಸಾಲಿಗೆ ಬಂದಾಗ ಎರಡನೆಯ ಅಕ್ಷರ "ಪ" ಇದೆಯೋ "ವ" ಇದೆಯೋ ತಿಳಿಯಲಿಲ್ಲ. ಕಣ್ಣು ಕಿರಿದು ಮಾಡಿ ನಿಂತೆ.

"ವ" ಎಂದರು ನನ್ನ ಗಂಡ, ಹಿಂದಿನ ಬೆಂಚಿನಿಂದ. "ಆಮ್ಯಾಲ ಲ, ನ, ರ."

ಡಾಕ್ಟರು ನಕ್ಕು, "ಯಜಮಾನ್ರ, ಪರೀಕ್ಷಾ ಅವರದು" ಅಂದರು. ನಾನು ತಿರುಗಿ ನೋಡಿದೆ. ಅವರ ಮುಖ ಹಲಗೆಯ ಕಡೆಗೆ ಇರಲೇ ಇಲ್ಲ, ಕಿಟಕಿಯ ಕಡೆಗಿತ್ತು. ಇದ್ದಿದ್ದರೂ ಅಷ್ಟು ದೂರದಿಂದ ಅವರಿಗೆ ಹಲಗೆಯೇ ಮಸುಕು.

ಹೊರಗೆ ಬಂದು ಆಟೋಕ್ಕೆ ಕಾಯುವಾಗ ಕೇಳಿದೆ. "ಆ ಸಾಲು ನಿಮಗ ಹ್ಯಾಂಗ ಗೊತ್ತು?"

ಅವರು ರಸ್ತೆಯ ಕಡೆಗೆ ಮುಖ ತಿರುಗಿಸಿದರು. "ಲೈಸೆನ್ಸ್ ರಿನೀವಲ್‌ಗೆ ಇಲ್ಲೇ ಬಂದಿದ್ದೆ. ಎರಡು ವರ್ಷದ ಹಿಂದ. ನನಗಿಂತ ಮುಂದ ನಾಕು ಮಂದಿ ಇದ್ರು. ಬೆಂಚಿನ ಮ್ಯಾಗ ಕುಂತು ಅವರು ಓದೂದು ಕೇಳಿ ಬಾಯಿಪಾಠ ಮಾಡಿದೆ."

"ಅವಾಗ ಎಷ್ಟು ಕಾಣತಿತ್ತು?"

"ಎಡಗಣ್ಣಿಗೆ ಮ್ಯಾಗಿನ ಸಾಲೂ ಕಾಣತಿದ್ದಿಲ್ಲ."

ಅದಾದ ಮೇಲೆ, ಡಾಕ್ಟರು ಬಿಡಿಸುವವರೆಗೆ, ಒಂದು ವರ್ಷಕ್ಕೂ ಮೇಲೆ ಅವರು ನಮ್ಮನ್ನೆಲ್ಲ ಕಾರಿನಲ್ಲಿ ಕರೆದುಕೊಂಡು ತಿರುಗಿದ್ದರು. ಈಗ ಹಾಸ್ಟೆಲಿನಲ್ಲಿರುವ ನಮ್ಮ ಮಗಳು ಬಾಗೇವಾಡಿಯಲ್ಲಿ ಪರೀಕ್ಷೆ ಬರೆಯುವಾಗ ವಾರವಿಡೀ ಅವಳನ್ನು ಬಿಟ್ಟು ಬಂದವರೂ ಅವರೇ. ಮೂವತ್ತು ವರ್ಷ ಒಂದು ಕೋಳಿಗೂ ತಾಕಿಸಿಲ್ಲ ಎಂದು ಜನರಿಗೆ ಹೇಳಿದವಳು ನಾನು.

"ಮಗಳು ಗಾಡ್ಯಾಗ ಇದ್ಳು."

"ಇದ್ಳು."

"ಕಾಣಂಗಿಲ್ಲಂತ ಗೊತ್ತಿದ್ದೂ ಹೊಡದ್ರಿ."

"ಹೊಡದೆ. ದಾರಿ ಎಲ್ಲಾ ಗೊತ್ತಿತ್ತಲ್ಲ."

ಆಟೋ ಬಂತು. ನಾನು ಹತ್ತಿ ಕುಳಿತೆ, ಅವರು ಹತ್ತಲು ಕೈ ಕೊಡಲಿಲ್ಲ. ಮೂರು ದಿನ ಅವರ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಡಿಸಿ ಒಳಗೆ ಹೋಗುತ್ತಿದ್ದೆ. ಅವರೂ ತಮ್ಮ ತಪ್ಪಿಗೆ ಕಾರಣ ಹುಡುಕಿ ಹೇಳಲು ಬರಲಿಲ್ಲ. ನಾಲ್ಕನೆಯ ದಿನ ಚಹಾ ಕೊಟ್ಟಾಗ ಕಪ್ಪನ್ನು ಹಿಡಿದುಕೊಂಡು ಅವರೇ ಮಾತು ತೆಗೆದರು.

"ನೀ ಮೂರು ಸಲ ಫೇಲಾದಿ. ಖರೇ ಖರೇ ಫೇಲಾದಿ. ನಾ ಕಾಪಿ ಹೊಡದು ಪಾಸಾದೆ. ಯಾವುದು ಕೆಟ್ಟದ್ದು, ನೀ ಟೀಚರ್ ಇದ್ದಿ, ನೀನ ಹೇಳು."

ಕಾಪಿ ಹೊಡೆದ ಎಷ್ಟೋ ಹುಡುಗರನ್ನು ನಾನು ಹೊರಗೆ ಕಳಿಸಿದ್ದೇನೆ. ಅವರಿಗೆ ಏನು ಹೇಳಬೇಕೆಂದು ಯಾವತ್ತೂ ಯೋಚಿಸಬೇಕಾಗಿರಲಿಲ್ಲ. "ಚಾ ಆರತೈತಿ, ಕುಡೀರಿ" ಅಂದೆ. ಸಿಟ್ಟು ಹೋಗಿರಲಿಲ್ಲ. ಅದು ಹೋಗಲು ಇನ್ನೂ ಬಹಳ ದಿನ ಹಿಡಿಯಿತು, ಪೂರ್ತಿ ಹೋಗಿದೆಯೆಂದು ಈಗಲೂ ಹೇಳಲಾರೆ. ಆದರೆ ಕಾಕಾರ ಜೊತೆ ಮತ್ತೆ ಕಾರು ಹತ್ತಿದಾಗ ಗಂಡನ ದನಿ ಕಿವಿಯಲ್ಲಿ ಕೇಳಲಿಲ್ಲ. ಆ ದನಿಗೆ ಎಲ್ಲ ಗೊತ್ತು ಎಂಬ ನಂಬಿಕೆ ನನ್ನಲ್ಲಿ ಉಳಿದಿರಲಿಲ್ಲ.

ನಾಲ್ಕನೆಯ ಪರೀಕ್ಷೆಯ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ರಿವರ್ಸನ್ನು ಬಹಳ ನಿಧಾನವಾಗಿ ಮಾಡಿದೆ. ಹಿಂದೆ ಸಾಲಿನಲ್ಲಿದ್ದ ಒಬ್ಬರು ಗೊಣಗಿದ್ದು ಕೇಳಿಸಿತು, ಆದರೂ ಅವಸರ ಮಾಡಲಿಲ್ಲ. ರಸ್ತೆಗೆ ಬಂದಾಗ ಕುರಿಗಳು ಅಡ್ಡ ಬಂದವು. ಕುರುಬರ ಹೆಂಗಸೊಬ್ಬಳು ಕೋಲು ಹಿಡಿದು ಅವುಗಳನ್ನು ದಾಟಿಸುತ್ತಿದ್ದಳು. ನಾನು ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಕೊನೆಯ ಮರಿ ದಾಟುವವರೆಗೆ ಕಾದೆ. ಇನ್ಸ್‌ಪೆಕ್ಟರು ಹಾರ್ನ್ ಹೊಡೆಯಲು ಹೇಳಲಿಲ್ಲ, ನಾನೂ ಹೊಡೆಯಲಿಲ್ಲ. ಬಯಲಿಗೆ ವಾಪಸು ಬಂದ ಮೇಲೆ, "ಆಯ್ತು ಮೇಡಂ, ಮುಂದಿನವರನ್ನ ಕಳಿಸಿ" ಅಂದರು. ಪಾಸಾಯಿತೋ ಇಲ್ಲವೋ ತಿಳಿಯದೆ ಕಾಕಾರ ಮುಖ ನೋಡಿದೆ. "ಮನಿಗಿ ಹೋಗಿ ಸಿಹಿ ಮಾಡ್ರಿ ಅಕ್ಕೋರ" ಅಂದರು ಅವರು.

ಲೈಸೆನ್ಸು ಪೋಸ್ಟಿನಲ್ಲಿ ಬಂದ ಮೇಲಿನ ಭಾನುವಾರ ತಂಗಡಗಿಗೆ ನನ್ನ ಅಕ್ಕನ ಮನೆಗೆ ಹೊರಟೆವು. ಮುಂಜಾನೆ ಇಂಡಿ ಬಿಟ್ಟು, ಸಿಂದಗಿಯಲ್ಲಿ ಚಹಾ ಕುಡಿದು, ದೇವರ ಹಿಪ್ಪರಗಿ ದಾಟಿದೆವು. ತೊಗರಿ ಹೊಲಗಳು ಎರಡೂ ಬದಿಗೆ ಹಳದಿ ಹೂ ಬಿಟ್ಟಿದ್ದವು. ಗಂಡ ಎಡಗಡೆ ಕುಳಿತು ದಾರಿ ಹೇಳುತ್ತಿದ್ದರು. "ಈಗ ಹಳ್ಳದ ಸೇತುವಿ ಬರತೈತಿ." "ಈಗ ಹಂಪ್ ಐತಿ, ಎರಡನೇ ಗೇರ್." ಹೆಚ್ಚಿನವು ಅವರು ಹೇಳಿದಲ್ಲೇ ಬಂದವು. ನಾನು ಹೂಂ ಅನ್ನುತ್ತಿದ್ದೆ, ಆದರೆ ನನ್ನ ಕಣ್ಣಿಗೆ ಕಂಡ ಮೇಲೆಯೇ ಗೇರು ಬದಲಿಸುತ್ತಿದ್ದೆ. ಬಾಗೇವಾಡಿಯಲ್ಲಿ ಬಸ್ಸುಗಳ ನಡುವೆ ಸಿಕ್ಕಿಕೊಂಡಾಗ ಅವರು ಪೂರ್ತಿ ಸುಮ್ಮನಾದರು. ಅದಕ್ಕೆ ಅವರಿಗೆ ಎಷ್ಟು ಕಷ್ಟವಾಯಿತೆಂಬುದು ಬಿಗಿಹಿಡಿದ ಬೆರಳುಗಳಲ್ಲಿ ಗೊತ್ತಾಗುತ್ತಿತ್ತು.

ಮುದ್ದೇಬಿಹಾಳ ಹೊಕ್ಕಾಗ ಅವರು, "ಆ ಟಯರ್ ಅಂಗಡಿ ಮುಂದ ಬಲಕ್ಕ ಹೊಳ್ಳು" ಅಂದರು.

ನಾನು ಹೊರಳಲಿಲ್ಲ. ನೆಟ್ಟಗೆ ಮುಂದೆ ಹೋದೆ.

"ಯಾಕ, ದಾಟಿದೇನ?"

"ಅಲ್ಲಿ ಈಗ ರಸ್ತಾದ ನಡುವ ಕಟ್ಟಿ ಹಾಕ್ಯಾರ್ರಿ. ಟಯರ್ ಅಂಗಡೀನೂ ಇಲ್ಲ."

ನಾನು ಮುಂದಿನ ಸರ್ಕಲ್ಲಿನಲ್ಲಿ ಹೊರಳಿಸಿಕೊಂಡು ತಂಗಡಗಿ ರಸ್ತೆ ಹಿಡಿದೆ.

"ಮತ್ತೇನೇನ ಬದಲಾಗೇತಿ?" ಎಂದು ಅವರು ಕೇಳಿದರು. ನಾನು ಕಂಡದ್ದನ್ನು ಒಂದೊಂದಾಗಿ ಹೇಳತೊಡಗಿದೆ.