ಏಡಿ, ಆಮೆ, ಬೆಕ್ಕು ಇದ್ದ ಹೊದಿಕೆ

ಅಕ್ಕನ ಮಗುವನ್ನು ಹೊದಿಕೆ ಕೊಲ್ಲಲಿಲ್ಲ. ಮಕ್ಕಳೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೂ ನಮ್ಮ ಮನೆಯವರ ಹಾಗೆ ನಂಬಿಬಿಟ್ಟೀರಿ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಹೆಜಮಾಡಿಯಲ್ಲಿ, ಕಡಲಿನ ಬದಿಯಲ್ಲೇ ಇತ್ತು. ಅಪ್ಪ ದೋಣಿಗೆ ಹೋಗುತ್ತಿದ್ದರು. ನನ್ನನ್ನು ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಕಾಪುವಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ನಮ್ಮಲ್ಲಿ ಮಗು ಹುಟ್ಟುವ ಮೊದಲು ಅದಕ್ಕೆಂದು ಒಂದು ತುಂಡು ಬಟ್ಟೆಯನ್ನೂ ತೆಗೆದಿಡುವ ಹಾಗಿರಲಿಲ್ಲ. ತೆಗೆದಿಟ್ಟರೆ ಮಗು ನಿಲ್ಲುವುದಿಲ್ಲ ಎನ್ನುತ್ತಿದ್ದರು. ಹುಟ್ಟಿದ ಮೇಲೆ ನೆರೆಮನೆಯಿಂದ ಹಳೇ ಬಟ್ಟೆ ಕೇಳಿ ತಂದು ಸುತ್ತುವುದು. ಅಕ್ಕನಿಗೆ ಅದು ಬೇಡವಾಗಿತ್ತು. ಬೇರೆ ಯಾರೂ ಹೊದೆಯದ, ತನ್ನ ಮಗುವಿನದ್ದೇ ಆದ ಒಂದು ಹೊದಿಕೆ ಬೇಕು ಎಂದಳು. ಅದರಲ್ಲಿ ಪ್ರಾಣಿಗಳೂ ಬೇಕು.

ಬಲೆ ಇಡುವ ಕೊಟ್ಟಿಗೆಯಲ್ಲಿ ಅಡಗಿ ಕೂತು ಹೊಲಿದೆವು. ಅಮ್ಮನ ಹಳೇ ಸೀರೆಯನ್ನು ಪದರ ಪದರ ಮಡಚಿ, ಅಪ್ಪನ ಲುಂಗಿಯಿಂದ ಆಮೆ, ಹಿಟ್ಟಿನ ಚೀಲದಿಂದ ಬಿಳಿ ಬೆಕ್ಕು ಕತ್ತರಿಸಿದೆವು. ಹೊಲಿಗೆಯ ನೂಲು ಎಲ್ಲಿಂದ ಬರಬೇಕು? ಬಲೆ ಹೆಣೆಯುವ ನೂಲನ್ನೇ ಬಿಡಿಸಿ ತೆಳ್ಳಗಿನ ಎಳೆ ಮಾಡಿಕೊಂಡೆವು. ಅದು ಕೊಳೆಯಬಾರದೆಂದು ಅಪ್ಪ ಮರದ ತೊಗಟೆ ಬೇಯಿಸಿದ ನೀರಿನಲ್ಲಿ ಅದ್ದಿಡುತ್ತಿದ್ದರು. ಹೊದಿಕೆಗೂ ಅದೇ ಒಗರು ವಾಸನೆ, ಜೊತೆಗೆ ಒಣಮೀನಿನದ್ದು.

ಅಕ್ಕನಿಗೆ ನೋವು ಬಂದ ದಿನ ಮಧ್ಯಾಹ್ನ ಹೊಲಿಯಲು ಉಳಿದದ್ದು ಏಡಿ ಮಾತ್ರ. ಅಕ್ಕನ ಕೆಂಪು ರವಿಕೆಯ ತೋಳಿನಿಂದ ನಾನೇ ಕತ್ತರಿಸಿದ್ದೆ.

“ಇದೆಂತ ಮಾರಾಯ್ತಿ, ಏಡಿಯಾ ಜೇಡನಾ?” ಎಂದಳು ಅಕ್ಕ.

“ಏಡಿ. ಕೊಂಬು ಉಂಟಲ್ಲ, ಕಾಣುದಿಲ್ವಾ?”

“ಮಗು ನೋಡಿ ಹೆದರಿ ವಾಪಸ್ ಒಳಗೆ ಹೋಗ್ತದೆ.”

ಇಬ್ಬರೂ ನಕ್ಕೆವು. ನಗು ಕೇಳಿಯೇ ದೊಡ್ಡಮ್ಮ ಬಾಗಿಲಿಗೆ ಬಂದದ್ದು. ಅಮ್ಮನ ಅಕ್ಕ ಅವಳು. ಮನೆಯಲ್ಲಿ ಅವಳ ಮಾತಿನ ಮೇಲೆ ಯಾರದ್ದೂ ಮಾತಿಲ್ಲ.

“ಹುಟ್ಟದ ಮಗುವಿಗೆ ಎಂತದು ಇದು? ನಾಳೆ ಶಾಲೆಗೂ ಸೇರಿಸ್ತೀರಾ?”

“ಒಂದು ಬಟ್ಟೆ ಅಲ್ವಾ ದೊಡ್ಡಮ್ಮ,” ಎಂದಳು ಅಕ್ಕ.

“ಬಟ್ಟೆಯಂತೆ! ಯಮನಿಗೆ ಮನೆ ತೋರಿಸಿ ಕೂತಿದ್ದೀರಿ.”

ಹೊದಿಕೆಯನ್ನು ಕಸಿದುಕೊಂಡು ಹೋದಳು. ಸೂಜಿ ಏಡಿಯ ಮೈಯಲ್ಲೇ ಇತ್ತು.

ಸ್ವಲ್ಪ ಹೊತ್ತಿಗೆ ಅಕ್ಕನಿಗೆ ನೋವು ಶುರುವಾಯಿತು. ದೀಪ ಹಚ್ಚುವಾಗ ಮಗು ಹೊರಗೆ ಬಂತು. ಗಂಡು. ಅಳಲಿಲ್ಲ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು ಎಂದು ಸೂಲಗಿತ್ತಿ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡಮ್ಮ ಹೊದಿಕೆ ಹಿಡಿದುಕೊಂಡು ಎಲ್ಲರಿಗೂ ತೋರಿಸುತ್ತಿದ್ದಳು.

ಒಳಗಿನಿಂದ ಅಕ್ಕ ಕೂಗಿದಳು: “ಅಮ್ಮ, ಅದನ್ನು ಅವನಿಗೇ ಹೊದಿಸಿ. ಮಣ್ಣಿಗಾದರೂ ಅದರಲ್ಲಿ ಕಳಿಸಿ.”

“ಬಂದದ್ದು ಸಾಲದಾ ನಿಂಗೆ?” ಎಂದಳು ದೊಡ್ಡಮ್ಮ. “ಇದನ್ನು ಅದರ ಜೊತೆ ಕಳಿಸಿದರೆ ಇನ್ನು ನಿನ್ನ ಹೊಟ್ಟೆಯಲ್ಲಿ ಒಂದೂ ಉಳಿಯಲಿಕ್ಕಿಲ್ಲ.”

ದೊಡ್ಡಮ್ಮ ಹೊದಿಕೆಯನ್ನು ಬಚ್ಚಲ ಒಲೆಗೆ ತುರುಕಿದಳು. ಅಪ್ಪ ಒಂದು ಹರಿದ ಲುಂಗಿಯಲ್ಲಿ ಮಗುವನ್ನು ಸುತ್ತಿ, ಕೇದಗೆ ಮೆಳೆಯ ಹಿಂದಕ್ಕೆ ಒಯ್ದು ಮರಳಿನಲ್ಲಿ ಹೂತು ಬಂದರು. ಅಕ್ಕ ಹೊದಿಸಿ, ಹೊದಿಸಿ ಎನ್ನುತ್ತಲೇ ಇದ್ದಳು. ಆಗಲೇ ಹೊದಿಕೆಯೂ ಇರಲಿಲ್ಲ, ಮಗುವೂ ಇರಲಿಲ್ಲ.

ಅಕ್ಕ ಮುಂದೆ ಎರಡು ಹೆತ್ತಳು. ಒಂದಕ್ಕೂ ಅವಳು ಸೂಜಿ ಮುಟ್ಟಲಿಲ್ಲ. ಮೊದಲಿನದನ್ನು ತಾನೇ ಕೊಂದದ್ದು ಎಂದು ಸಾಯುವವರೆಗೂ ಹೇಳುತ್ತಿದ್ದಳು. ಅಲ್ಲ ಅಲ್ಲ ಎಂದು ಹೇಳಿ ನನ್ನ ಬಾಯಿ ಬತ್ತಿತು. ಅವಳು ಹಾಗೆಯೇ ಸತ್ತಳು.

ಮೊನ್ನೆ ನೀವು ಮಣಿಪಾಲದ ಮನೆಯಲ್ಲಿ, ಇನ್ನೂ ಹುಟ್ಟದ ತಮ್ಮನಿಗೋ ತಂಗಿಗೋ ಮೊಬೈಲಿನಲ್ಲಿ ಹೊದಿಕೆ ಆರಿಸುತ್ತಿದ್ದಿರಿ. ಆನೆ, ಜಿರಾಫೆ ಎಲ್ಲ ಇದ್ದವು. ಹೆಸರು ಆಮೇಲೆ ಹಾಕಿಸಬಹುದಂತೆ. ಸ್ಕ್ಯಾನಿಂಗ್ ಫೋಟೋ ಫ್ರಿಜ್ಜಿನ ಮೇಲೆ ಅಂಟಿಸಿದ್ದಿರಿ. ತೊಟ್ಟಿಲೂ ಬಂದಾಗಿದೆ. “ಅಜ್ಜಿ, ಯಾವುದು ಚಂದ?” ಎಂದು ಕೇಳಿದಿರಿ. ನಾನು ಆನೆಯದ್ದನ್ನು ತೋರಿಸಿದೆ. ತೋರಿಸುವಾಗ ಬೆರಳು ತಣ್ಣಗಾಯಿತು. ಹೊದಿಕೆ ಕೊಲ್ಲುವುದಿಲ್ಲ ಎಂದು ಗೊತ್ತಿದ್ದೂ ತಣ್ಣಗಾಯಿತು. ನಿಮಗೆ ಆ ಹೆದರಿಕೆ ಇಲ್ಲ. ನನ್ನದು ಹೋಗುವುದೂ ಇಲ್ಲ.

ಮಗುವನ್ನು ಹೂತ ಮರುದಿನ ಬೆಳಿಗ್ಗೆ ನಾನು ಬಚ್ಚಲ ಒಲೆಯ ಬೂದಿಯನ್ನೆಲ್ಲ ಅಡಿಕೆ ಹಾಳೆಗೆ ಬಳಿದುಕೊಂಡೆ. ಯಾವಾಗಲೂ ತೆಂಗಿನ ಬುಡಕ್ಕೆ ಹಾಕುವುದು. ಅವತ್ತು ಕೇದಗೆ ಮೆಳೆಯ ಹಿಂದೆ ಹೋಗಿ, ಅಪ್ಪ ಮುಚ್ಚಿದ ಮರಳಿನ ಮೇಲೆ ಹರಡಿದೆ. ಗಾಳಿಗೆ ಹಾರದ ಹಾಗೆ ಕೈಯಿಂದ ಒತ್ತಿದೆ. ಮನೆಗೆ ಬಂದು, ಒಲೆಗೆ ತೆಂಗಿನ ಒಣ ಮಡಲು ತುರುಕಿ, ಅಕ್ಕನ ಸ್ನಾನಕ್ಕೆ ನೀರು ಕಾಯಿಸಿದೆ.