ಮಂಜವ್ವನ ಪಂಚಮಿ ಉಂಡಿ

ಹಾನಗಲ್‌ನಿಂದ ಶಿಗ್ಗಾವಿಗೆ ಹೋಗುವ ಬಸ್ಸಿಗೆ ನಾನು ಡ್ರೈವರ್, ಮಂಜವ್ವ ಕಂಡಕ್ಟರ್. ಐದು ವರ್ಷದ ಜೋಡಿ. ಚಿಕ್ಕೇರೂರು ಕಡೆಯ ಒಂದು ಹಳ್ಳಿಯ ದಲಿತ ಕೇರಿಯಿಂದ ಬಂದವಳು. ಫುಟ್‌ಬೋರ್ಡಿನ ಮೇಲೆ ಜೋತುಬಿದ್ದ ಗಂಡಸರನ್ನು ಒಂದೇ ಮಾತಿಗೆ ಒಳಗೆ ಕಳಿಸುವ ಈ ಗಟ್ಟಿಗಿತ್ತಿ, ಮಗಳ ವಿಷಯ ಬಂದರೆ ಮಾತ್ರ ತಡವರಿಸುತ್ತಾಳೆ.

ಮಂಜವ್ವ ಸಣ್ಣವಳಿದ್ದಾಗ ಊರ ಚಹಾದಂಗಡಿಯಲ್ಲಿ ಅವರ ಕೇರಿಗೆ ಬೇರೆ ಲೋಟಗಳಿದ್ದವಂತೆ. ಅಪ್ಪ ಮಲ್ಲೇಶಪ್ಪ ಬೆರಳು ಮಾಡಿ, "ಇವು ನಮ್ಮವು, ಅವು ಅವರವು" ಎಂದು ಹೇಳಿಕೊಟ್ಟಿದ್ದ. ಅದು ಕಣ್ಣಿಗೆ ಕಾಣುವಂಥದ್ದು. ಹೇಳಿಕೊಡಲು ಒಂದು ನಿಮಿಷ ಸಾಕಾಗಿತ್ತು.

ಈಗ ಹಾನಗಲ್‌ನಲ್ಲಿ ಬಾಡಿಗೆ ಮನೆ. ಮಂಜವ್ವ ಡ್ಯೂಟಿಗೆ ಬಂದ ಮೇಲೆ ಎಂಟು ವರ್ಷದ ಜಯಶ್ರೀಗೆ ಜಡೆ ಹಾಕಿ ಶಾಲೆಗೆ ಕಳಿಸುವವಳು ಪಕ್ಕದ ಮನೆಯ ಸಾವಂತ್ರವ್ವ. ಹಬ್ಬ ಬಂದರೆ ಓಣಿಯವರಿಗೆಲ್ಲ ಸ್ಟೀಲ್ ಡಬ್ಬಿಯಲ್ಲಿ ತಿನಿಸು ಕಳಿಸುತ್ತಾಳೆ, ಇವರ ಮನೆಗೆ ಮಾತ್ರ ಕಾಗದದ ತಟ್ಟೆಯಲ್ಲಿ. ನಮ್ಮ ಕಡೆ ಬಂದ ಡಬ್ಬಿಯನ್ನು ಯಾರೂ ಬರಿದಾಗಿ ಕೊಡುವುದಿಲ್ಲ, ಏನಾದರೂ ಹಾಕಿಯೇ ಹಿಂದಿರುಗಿಸಬೇಕು. ಕಾಗದದ ತಟ್ಟೆಯನ್ನು ಯಾರು ಹಿಂದಿರುಗಿಸುತ್ತಾರೆ? "ನಾವ್ಯಾಕ ಒಮ್ಮೆನೂ ಡಬ್ಬಿ ತುಂಬಿ ಕೊಡಂಗಿಲ್ಲವ್ವ?" ಎಂದು ಮಗಳು ಕೇಳಿದಳಂತೆ.

"ಖಾದರಣ್ಣ, ಅಷ್ಟ ಪ್ರೀತಿಲೆ ಜಡಿ ಹಾಕಾಕಿ ಹಂಗ ಮಾಡ್ತಾಳೇನು? ಇಲ್ಲಾ ನಾನ ತಲ್ಯಾಗ ಹುಳ ಬಿಟ್ಕೊಂಡೇನೇನು? ಕೂಸಿಗೆ ಏನಂತ ಹೇಳ್ಲಿ?" ಎಂದು ಮಂಜವ್ವ ನನ್ನನ್ನು ಕೇಳಿದಳು.

ನಾನು ಸವಣೂರಿನವ. ಮನೆ ಹುಡುಕುವಾಗ ಮೂರು ಕಡೆ "ಸಾಬರಿಗೆ ಕೊಡಂಗಿಲ್ಲ" ಎಂದು ಮುಖಕ್ಕೇ ಹೇಳಿದ್ದರು. ಬಾಯಿತುಂಬ ಬೈದು ಬಂದಿದ್ದೆ. ಇವಳು ಯಾರನ್ನು ಬೈಯಬೇಕು? "ಮೊದ್ಲ ನೀನ ಡಬ್ಬಿ ಕೊಟ್ಟು ನೋಡು ತಂಗಿ" ಎಂದೆ, ದೊಡ್ಡ ಜಾಣನ ಹಾಗೆ.

ಪಂಚಮಿಗೆ ಮಂಜವ್ವ ಶೇಂಗಾ ಉಂಡಿ ಕಟ್ಟಿ, ಡಬ್ಬಿ ತುಂಬಿ ಮಗಳ ಕೈಯಲ್ಲಿ ಕಳಿಸಿದಳು. ಮರುದಿನ ಬೆಳಿಗ್ಗೆ ಡಬ್ಬಿ ತಿರುಗಿ ಬಂತು, ಥಳಥಳ ತೊಳೆದು, ಎಳ್ಳುಂಡಿ ತುಂಬಿಕೊಂಡು. ಬಸ್ಸಿನಲ್ಲಿ ನನಗೂ ಎರಡು ಕೊಟ್ಟಳು. ಸುಮ್ಮನೆ ಸಂಶಯಪಟ್ಟೆನೆಂದು ತನ್ನನ್ನೇ ಬೈದುಕೊಂಡಳು. ನನ್ನ ಸಲಹೆ ಫಲಿಸಿತೆಂದು ನಾನೂ ಅವತ್ತೆಲ್ಲ ಬೀಗಿದೆ.

ಸಂಜೆ ಮನೆಗೆ ಹೋದರೆ ಜಯಶ್ರೀ ಬಾಗಿಲಲ್ಲೇ ಕುಣಿಯುತ್ತಿದ್ದಳಂತೆ.

"ಅವ್ವ, ಇವತ್ತ ನಮ್ಮ ಉಂಡಿ ಆಕಳ ತಿಂತು. ಸಾವಂತ್ರವ್ವ ದೊಡ್ಡವ್ವ ಒಂದೊಂದ ತಿನ್ನಿಸಿದ್ರು."

"ಎಷ್ಟು?"

"ಅಷ್ಟೂ."

"ಬ್ಯಾರೆ ಮನಿಯವು?"

"ಅವನ್ನ ಅವರ ತಿಂದ್ರು. ನಮ್ಮವಷ್ಟ ಯಾಕವ್ವ ಆಕಳಿಗೆ?"

ಹಬ್ಬದ ತಿನಿಸನ್ನು ಆಕಳಿಗೆ ತಿನ್ನಿಸುವುದು ಪುಣ್ಯವೆಂದು ಮಂಜವ್ವನಿಗೂ ಗೊತ್ತು. ಆದರೆ ಅಷ್ಟೂ? ತನಗನಿಸಿದ್ದನ್ನು ಹೇಳಿಬಿಟ್ಟರೆ ನಾಳೆ ಮಗಳು ಆ ಕೈಗೆ ತಲೆ ಕೊಡುವುದಿಲ್ಲ. ಹೇಳದಿದ್ದರೆ ಮುಂದೆ ಬೇರೆ ಯಾರೋ ಹೇಳುತ್ತಾರೆ, ಅದೂ ಎಲ್ಲರ ಎದುರು.

"ನಮ್ಮವು ಛಲೋ ಆಗಿದ್ವು, ಅದಕ್ಕ" ಎಂದಳು.

ಮಗಳು ನಂಬಿದಳು. ನಂಬಿದ್ದಕ್ಕೇ ಮಂಜವ್ವನಿಗೆ ಅಳು ಬಂತು.